ಗೊಲ್ಲರಹಟ್ಟಿ ನಡೆಯುವ ಬಗೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಓಡಾಡಿದವರು ಊರಿನ ಹೆಸರಿನ ಮುಂದೆ ‘ಗೊಲ್ಲರಹಟ್ಟಿ’ ಎಂದು ಬರೆದ ಬೋರ್ಡುಗಳನ್ನು ನೋಡಿರುತ್ತೀರಿ. ಮುಖ್ಯ ಊರಿನಿಂದ ಸ್ವಲ್ಪ ದೂರ, ಬೇರೆಯದೇ ಊರು. ಇಲ್ಲಿರುವವರು ಕಾಡುಗೊಲ್ಲರು, ಕುರಿ-ದನ ಸಾಕಿಕೊಂಡು ಬಂದವರು. ಹೊಸದಾಗಿ ಮೇಷ್ಟ್ರಾಗಿಯೋ ಆಶಾ ಕಾರ್ಯಕರ್ತೆಯಾಗಿಯೋ ಅಲ್ಲಿಗೆ ಹೋಗುವವರು ಈ ಕೆಲವು ವಿಷಯ ತಿಳಿದಿದ್ದರೆ ಒಳ್ಳೆಯದು.

ಹಳೆಯ ಹಟ್ಟಿಯ ಸುತ್ತ ಮುಳ್ಳಿನ ಬೇಲಿ ಇರುತ್ತಿತ್ತು. ಒಳಗೆ ಮನೆಗಳು, ಗುಡಿ, ಕುರಿಯ ರೊಪ್ಪ. ತೋಳ, ಚಿರತೆಯಿಂದ ಮಂದೆಯನ್ನು ಕಾಯಲು ಬೇಲಿ ಬೇಕೇ ಬೇಕಿತ್ತು. ಕೀನ್ಯಾ, ತಾಂಜಾನಿಯಾದ ಮಸಾಯಿ ದನಗಾಹಿಗಳೂ ಹೀಗೇ ಮುಳ್ಳಿನ ಬೇಲಿಯೊಳಗೆ ದನದ ಜೊತೆ ಬಾಳಿದವರು. ಈಗ ಬಹಳ ಕಡೆ ಬೇಲಿ ಹೋಗಿದೆ, ಸಿಮೆಂಟ್ ರಸ್ತೆ ಬಂದಿದೆ. ಆದರೆ ಒಳಗೇನು, ಹೊರಗೇನು ಎಂಬ ಲೆಕ್ಕ ಮಾತ್ರ ಅಷ್ಟು ಬೇಗ ಹೋಗಿಲ್ಲ.

ಹಟ್ಟಿಯ ಮಾತು ನಡೆಸುವವರು ಗೌಡ ಅಥವಾ ಯಜಮಾನ, ಮತ್ತು ಪೂಜಾರಿ. ಜಗಳ, ಮದುವೆ, ಹಬ್ಬದ ದಿನ ಎಲ್ಲ ಅವರ ಮುಂದೆಯೇ ತೀರ್ಮಾನ. ಮದುವೆಗೆ ಮೊದಲು ನೋಡುವುದು ಬೆಡಗು, ಅಂದರೆ ವಂಶದ ಕವಲು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ತರುವಂತಿಲ್ಲ. ಹಿಂದೆ ಗಂಡಿನ ಕಡೆಯವರೇ ‘ತೆರ’ ಕೊಡುತ್ತಿದ್ದರು. ವರದಕ್ಷಿಣೆ ಆಮೇಲೆ ಬಂದ ಪೀಡೆ.

ದೇವರು ಎಂದರೆ ಇಲ್ಲಿ ಮೊದಲು ಜುಂಜಪ್ಪ. ದನ ಕಾಯ್ದ ವೀರ, ಆಮೇಲೆ ದೇವರಾದವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ಅವನ ಕಥೆ ಹಾಡುವಾಗ ಊದುವುದು ಗಣೆ, ಉದ್ದನೆಯ ಬಿದಿರಿನ ಕೊಳಲು. ಹಾವು ಕಚ್ಚಿದರೆ ಅವನನ್ನು ನೆನೆಯುತ್ತಾರೆ. ನೆನೆಯಲಿ, ಆದರೆ ಅದೇ ಗಳಿಗೆಗೆ 108ಕ್ಕೂ ಫೋನ್ ಮಾಡಿ.

‘ದೇವರ ದನ ಅಂತ ಬಿಟ್ಟಿರುತ್ತಾರಲ್ಲ, ಅದೇನು?’ ಎಂದು ಕೇಳುವವರಿದ್ದಾರೆ. ಅವು ದೇವರ ಹೆಸರಿಗೆ ಬಿಟ್ಟ ರಾಸುಗಳು. ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನು ಕಿಲಾರಿ. ಮೇವು ಒದಗಿಸುವುದು ಭಕ್ತರ ಪಾಲು, ಬರಗಾಲದಲ್ಲಿ ಈ ಖರ್ಚು ಹೆಗಲು ಮುರಿಯುತ್ತದೆ. ಕುರಿಯ ಲೆಕ್ಕ ಬೇರೆ. ರೈತರ ಹೊಲದಲ್ಲಿ ರಾತ್ರಿ ಮಂದೆ ತಂಗಿಸಿದರೆ ಹಿಕ್ಕೆ-ಗಂಜಲ ಹೊಲಕ್ಕೆ, ದವಸವೋ ದುಡ್ಡೋ ಕುರಿಯವರಿಗೆ. ನಿಮ್ಮ ಹೊಲಕ್ಕೆ ಬೇಕಿದ್ದರೆ ಬೇಸಿಗೆಯಲ್ಲಿ, ಬಿತ್ತನೆಗೆ ಮೊದಲೇ ಮಾತಾಡಿಕೊಳ್ಳಿ. ಎಷ್ಟು ಕುರಿ, ಎಷ್ಟು ರಾತ್ರಿ ಎಂಬುದರ ಮೇಲೆ ಬೆಲೆ.

ಇನ್ನು ಕಷ್ಟದ ವಿಷಯ. ಮುಟ್ಟಾದವರನ್ನು, ಬಾಣಂತಿಯರನ್ನು ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ರೂಢಿ ಕೆಲವು ಕಡೆ ಇನ್ನೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಹಸುಗೂಸು ಸತ್ತುಹೋಯಿತು. ದೇವರ ಮಾತು ಎಂದು ಹಿರಿಯರು ಹೇಳಬಹುದು. ಆದರೆ ಬಾಣಂತಿಯನ್ನು ಮಳೆಗೆ ಬಿಡುವುದಕ್ಕೆ ಯಾವ ಸಮರ್ಥನೆಯೂ ಸಲ್ಲದು. ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ 2017ರ ಕಾಯ್ದೆಯಲ್ಲಿ ಇದು ಅಪರಾಧ. ಸರ್ಕಾರ ಕೆಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನೂ ಕಟ್ಟಿಸಿತು. ಗುಡಿಸಲಿಗಿಂತ ವಾಸಿ, ನಿಜ. ಆದರೂ ಅದು ಹೊರಗಿಡುವುದನ್ನೇ ಪಕ್ಕಾ ಗೋಡೆ ಹಾಕಿ ಉಳಿಸಿದಂತೆ ಎಂದು ನನಗನ್ನಿಸುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ಅಂಗನವಾಡಿ ಕಾರ್ಯಕರ್ತೆಗೆ, ಪಿಡಿಒಗೆ ತಿಳಿಸಿ. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ಹೆದರಿಸುವುದಕ್ಕಿಂತ ಹಟ್ಟಿಯ ಓದಿದ ಹೆಣ್ಣುಮಕ್ಕಳ ಕೈಲಿ ಮಾತಾಡಿಸಿದರೆ ಹಿರಿಯರು ಬೇಗ ಕೇಳುತ್ತಾರೆ.

ಹೆಚ್ಚು ತಿಳಿಯಬೇಕೆಂದರೆ ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯಗಳ ಬಗ್ಗೆ ಬರೆದ ಪುಸ್ತಕವನ್ನು ಗ್ರಂಥಾಲಯದಲ್ಲಿ ಕೇಳಿ. ಹಟ್ಟಿಯವರೇ ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಕಾಡುಗೊಲ್ಲ ಅಭಿವೃದ್ಧಿ ನಿಗಮವನ್ನು ಸರ್ಕಾರ 2020ರಲ್ಲಿ, ಶಿರಾ ಉಪಚುನಾವಣೆಯ ಹೊತ್ತಿಗೆ ಪ್ರಕಟಿಸಿತು. ಅದರ ಸವಲತ್ತು ಕೇಳಲು ಹೋಗುವ ಮೊದಲು ನಿಮ್ಮ ಜಾತಿ ಪ್ರಮಾಣಪತ್ರ ತೆಗೆದು ನೋಡಿ. ಅದರಲ್ಲಿ ಬರೀ ‘ಗೊಲ್ಲ’ ಎಂದಿದೆಯೋ, ‘ಕಾಡುಗೊಲ್ಲ’ ಎಂದಿದೆಯೋ? ಬರೀ ‘ಗೊಲ್ಲ’ ಎಂದಿದ್ದರೆ ಮೊದಲು ನಾಡಕಚೇರಿಯಲ್ಲಿ ವಿಚಾರಿಸಿ.