ಹಣ್ಣಿನ ಸಿಪ್ಪೆಯ ಎಳೆ ಮತ್ತು ಅಂಟು



ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ ಮೇಲೆ ಸಿಪ್ಪೆ ಎಲ್ಲಿಗೆ ಹೋಗುತ್ತೆ? ತಿಪ್ಪೆಗೆ. ಕಿತ್ತಳೆ, ಮೂಸಂಬಿ ಸಿಪ್ಪೆಯ ಗತಿಯೂ ಅಷ್ಟೇ. "ಅದರಲ್ಲೇನಿದೆ ಮಹಾ, ಬರೀ ನಾರು" ಅಂತೀರಿ. ಆ ನಾರಿನ ಸಂಗತಿಯನ್ನೇ ಇವತ್ತು ಸ್ವಲ್ಪ ತಿಳಿಯೋಣ.

ಬೈರಾಪಟ್ಟಣ, ಚನ್ನಪಟ್ಟಣ, ರಾಮನಗರದ ಕಡೆಯವರಾದ ನಿಮಗೆ ರೇಷ್ಮೆ ಗೂಡು ಹೊಸದಲ್ಲ. ಗೂಡಿನಲ್ಲಿ ಇರುವುದು ಎರಡು ವಸ್ತು: ಒಂದು ಎಳೆ, ಇನ್ನೊಂದು ಆ ಎಳೆಯನ್ನು ಹಿಡಿದಿರುವ ಅಂಟು. ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಸಡಿಲವಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ಹಣ್ಣಿನ ಸಿಪ್ಪೆಯ ಕಟ್ಟಡವೂ ಹೆಚ್ಚುಕಡಿಮೆ ಹೀಗೆಯೇ. ಆದರೆ ರೇಷ್ಮೆಯ ಎಳೆ, ಅಂಟು ಎರಡೂ ಸಸಾರಜನಕದವು. ಸಿಪ್ಪೆಯವು ಸಕ್ಕರೆಯ ಬಳಗದವು.

ಸಿಪ್ಪೆಯ ಹೊರಗಿನ ಬಣ್ಣದ ಪದರದಲ್ಲಿ ಘಮಘಮಿಸುವ ಎಣ್ಣೆಯಿದೆ. ಒಳಗಿನ ಬಿಳಿಯ, ಮೆತ್ತನೆಯ ಪದರವೇ ನಾರಿನ ಕಣಜ. ಅಲ್ಲಿ ಎಳೆಯ ಕೆಲಸ ಮಾಡುವುದು ಸೆಲ್ಯುಲೋಸ್. ಇದು ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರ. ರಾಗಿಯ ಪಿಷ್ಟವೂ ಗ್ಲೂಕೋಸಿನದೇ. ಪೋಣಿಸಿದ ರೀತಿ ಮಾತ್ರ ಬೇರೆ. ಅದಕ್ಕೇ ಮುದ್ದೆಯ ಪಿಷ್ಟ ನಮಗೆ ಅರಗುತ್ತದೆ, ಸೆಲ್ಯುಲೋಸ್ ಅರಗದು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನೂ ಅರಗಿಸಿಕೊಡುತ್ತವೆ.

ಅಂಟಿನ ಹೆಸರು ಪೆಕ್ಟಿನ್. 1825ರಲ್ಲಿ ಫ್ರಾನ್ಸಿನ ಬ್ರಾಕೊನೊ ಎಂಬ ವಿಜ್ಞಾನಿ, ಹೆಪ್ಪುಗಟ್ಟುವುದನ್ನು ಸೂಚಿಸುವ ಗ್ರೀಕ್ ಮಾತಿನಿಂದ ಈ ಹೆಸರು ಕೊಟ್ಟರು. ಇದರ ಸರದಲ್ಲಿರುವ ಮಣಿಗಳು ಹೆಚ್ಚಾಗಿ ಗ್ಯಾಲಕ್ಟುರಾನಿಕ್ ಆಮ್ಲದವು. ಒಣಸಿಪ್ಪೆಯ ತೂಕದಲ್ಲಿ ನೂರಕ್ಕೆ ಸುಮಾರು 20ರಿಂದ 30 ಪಾಲು ಪೆಕ್ಟಿನ್ನೇ. ಇವೆರಡರ ಜೊತೆಗೆ ಹೆಮಿಸೆಲ್ಯುಲೋಸ್ ಎಂಬ ಮೂರನೆಯ ನಾರೂ ಸೇರಿದೆ. ಮರವನ್ನು ಗಟ್ಟಿಮಾಡುವ ಲಿಗ್ನಿನ್ ಮಾತ್ರ ಇಲ್ಲಿ ಬಹಳ ಕಡಿಮೆ.

ಇದರಿಂದ ನಮಗೇನು ಲಾಭ ಅಂತೀರಾ? ರಾಗಿಯ ನಾರು ಬಹುಪಾಲು ನೀರಿನಲ್ಲಿ ಕರಗದು. ಅದು ಮಲಬದ್ಧತೆಯನ್ನು ತಪ್ಪಿಸುತ್ತದೆ. ಪೆಕ್ಟಿನ್ ಕರಗಿ ಲೋಳೆಯಾಗುತ್ತದೆ; ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುತ್ತದೆ. ದೇಹಕ್ಕೆ ಎರಡೂ ಬೇಕು. ನಮ್ಮ ತಾಯಂದಿರು ಮಾಡುವ ಕಿತ್ತಳೆ ಸಿಪ್ಪೆಯ ಗೊಜ್ಜು ಇದಕ್ಕೆ ಒಳ್ಳೆಯ ದಾರಿ. ಬೆಂದಾಗ ಸಿಪ್ಪೆ ಮೆತ್ತಗಾಗುವುದು ಈ ಅಂಟು ಸಡಿಲವಾಗುವುದರಿಂದಲೇ.

ಎರಡು ಎಚ್ಚರಿಕೆ ಇರಲಿ. ಔಷಧಿ ಸಿಂಪಡಿಸಿದ ಹಣ್ಣಾಗಿದ್ದೀತು, ಸಿಪ್ಪೆಯನ್ನು ಚೆನ್ನಾಗಿ ಉಜ್ಜಿ ತೊಳೆದೇ ಬಳಸಿ. ದನಕ್ಕೆ ಹಾಕುವುದಾದರೆ ಸಣ್ಣಗೆ ಹೆಚ್ಚಿ, ಮೇವಿನ ಜೊತೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಬೂಷ್ಟು ಹಿಡಿದದ್ದನ್ನು ಮಾತ್ರ ಹಾಕಲೇಬೇಡಿ. ಉಳಿದದ್ದು ತಿಪ್ಪೆಗೆ ಹೋಗಲಿ, ಗೊಬ್ಬರವಾದೀತು. ಆದರೆ ಮೊದಲ ಪಾಲು ಮನೆಗೆ, ಎರಡನೆಯದು ಕೊಟ್ಟಿಗೆಗೆ, ತಿಪ್ಪೆಗೆ ಕೊನೆಯದು.