ಎರಡನೆಯ ಮಚ್ಚೆ: ಹರಡಿದ್ದೋ, ಹೊಸದಾಗಿ ಹುಟ್ಟಿದ್ದೋ?

ಒಮ್ಮೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಂದು ಆಪರೇಷನ್ ಆದವರ ಮೈಮೇಲೆ ಕೆಲ ಕಾಲದ ನಂತರ ಇನ್ನೊಂದು ಕಪ್ಪು ಮಚ್ಚೆ ಎದ್ದರೆ, ಮನೆಯವರ ಬಾಯಿಂದ ಮೊದಲು ಬರುವ ಮಾತು ‘ಹರಡಿಬಿಟ್ಟಿದೆ’. ಅಷ್ಟಕ್ಕೇ ಎಲ್ಲರ ಕೈಕಾಲು ತಣ್ಣಗಾಗಿರುತ್ತದೆ. ಆದರೆ ಅದು ಹರಡಿದ್ದೇ ಆಗಿರಬೇಕೆಂದಿಲ್ಲ. ಅದೇ ಚರ್ಮದ ಮತ್ತೊಂದು ಜಾಗದಲ್ಲಿ, ಬೇರೊಂದು ಕೋಶದಿಂದ ಸ್ವತಂತ್ರವಾಗಿ ಹುಟ್ಟಿದ ಇನ್ನೊಂದು ಕ್ಯಾನ್ಸರ್ ಆಗಿರಬಹುದು. ಕೆಲವರಲ್ಲಿ ಹೀಗೆ ಎರಡು ಮೂರು ಹುಟ್ಟುತ್ತವೆ, ತೀರ ಅಪರೂಪಕ್ಕೆ ಹತ್ತಾರು. ಈ ವ್ಯತ್ಯಾಸ ರೋಗಿಗೆ ಬಹಳ ದೊಡ್ಡದು. ಹರಡಿದೆ ಎಂದರೆ ರೋಗ ರಕ್ತದ ಅಥವಾ ದುಗ್ಧರಸದ ಹಾದಿ ಹಿಡಿದಿದೆ ಎಂದರ್ಥ. ಹೊಸದಾಗಿ ಹುಟ್ಟಿದ್ದು ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದಾಗಲೇ ಸಿಕ್ಕಿ, ಸುತ್ತಲಿನ ಒಂದಿಷ್ಟು ಚರ್ಮದ ಸಮೇತ ತೆಗೆದರೆ ಬಹುಪಾಲು ಜನ ಗುಣವಾಗುತ್ತಾರೆ.

ಯಾವುದು ಯಾವುದೆಂದು ತೀರ್ಮಾನಿಸುವವರು ಪ್ಯಾಥಾಲಜಿಸ್ಟರು. ಮೆಲನೋಮಾ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಲ್ಲಿ. ಇವುಗಳ ನೆಲೆ ಹೊರಚರ್ಮದ ತಳದ ಸಾಲು. ಹಾಗಾಗಿ ಅಲ್ಲೇ ಹುಟ್ಟಿದ ಗಡ್ಡೆಯಾದರೆ ಆ ಸಾಲಿನುದ್ದಕ್ಕೂ ಕೆಟ್ಟ ಕೋಶಗಳು ಹಬ್ಬಿರುವುದು ಬಯಾಪ್ಸಿಯಲ್ಲಿ ಕಾಣುತ್ತದೆ. ಬೇರೆಡೆಯಿಂದ ಬಂದದ್ದು ಸಾಮಾನ್ಯವಾಗಿ ಒಳಚರ್ಮದಲ್ಲೋ ಅದರಡಿಯ ಕೊಬ್ಬಿನಲ್ಲೋ ಗುಂಡಗೆ ಕೂತಿರುತ್ತದೆ, ಮೇಲಿನ ಪದರದೊಂದಿಗೆ ಅದಕ್ಕೆ ನಂಟಿರುವುದಿಲ್ಲ. ಕೆಲವೊಮ್ಮೆ ಹರಡಿ ಬಂದ ಕೋಶಗಳೂ ಹೊರಚರ್ಮಕ್ಕೆ ನುಸುಳಿ ತಜ್ಞರನ್ನೇ ಗೊಂದಲಕ್ಕೆ ಕೆಡವುತ್ತವೆ. ಆಗ ಜೀನ್ ಪರೀಕ್ಷೆ ನೆರವಿಗೆ ಬರುತ್ತದೆ. ಒಂದು ಗಡ್ಡೆಯಲ್ಲಿ ಬಿ-ರಾಫ್ ಜೀನ್ ಕೆಟ್ಟಿದ್ದು, ಇನ್ನೊಂದರಲ್ಲಿ ಅದು ಸರಿಯಿದ್ದು ಎನ್-ರಾಸ್ ಕೆಟ್ಟಿದ್ದರೆ, ಎರಡೂ ಬೇರೆ ಬೇರೆ ಎನ್ನಲು ಅದು ಗಟ್ಟಿ ಆಧಾರ.

ಒಬ್ಬರಿಗೇ ಯಾಕೆ ಮತ್ತೆ ಮತ್ತೆ? ಗಡ್ಡೆಯನ್ನು ಕತ್ತರಿಸಿ ಎಸೆಯಬಹುದು, ಅದು ಹುಟ್ಟಲು ಕಾರಣವಾದ ಚರ್ಮ ಮೈತುಂಬ ಉಳಿದೇ ಇರುತ್ತದಲ್ಲ! ಅದೇ ಜೀನುಗಳು, ಅದೇ ಬಿಸಿಲು ಕುಡಿದ ಕೋಶಗಳು. 1820ರಲ್ಲಿ ವಿಲಿಯಂ ನಾರಿಸ್ ಎಂಬ ಇಂಗ್ಲಿಷ್ ವೈದ್ಯ ಒಬ್ಬ ರೋಗಿಯ ಕಥೆ ಬರೆದ. ರೋಗಿಯ ಮೈತುಂಬ ಮಚ್ಚೆಗಳಿದ್ದವು, ಅವನ ತಂದೆಯೂ ಇದೇ ಬಗೆಯ ಕಾಯಿಲೆಯಿಂದ ತೀರಿಕೊಂಡಿದ್ದ. ಇದು ವಂಶದಲ್ಲಿ ಇಳಿದುಬರುವ ರೋಗವಿರಬೇಕೆಂದು ನಾರಿಸ್ ಆಗಲೇ ಊಹಿಸಿದ್ದ. ಅದಕ್ಕೆ ಕಾರಣವಾಗುವ ಜೀನುಗಳಲ್ಲಿ ಮುಖ್ಯವಾದದ್ದು ಸಿಡಿಕೆಎನ್2ಎ ಎಂದು ಗೊತ್ತಾಗಲು 1990ರ ದಶಕ ಬರಬೇಕಾಯಿತು. ಕೋಶ ವಿಭಜನೆಗೆ ತಡೆಯೊಡ್ಡುವ ಪ್ರೋಟೀನನ್ನು ತಯಾರಿಸುವ ಜೀನ್ ಅದು. ಆದರೂ ಹಲವು ಮೆಲನೋಮಾ ಬಂದವರಲ್ಲಿ ಈ ಜೀನ್ ಕೆಟ್ಟಿರುವವರು ಸಣ್ಣ ಪಾಲು ಮಾತ್ರ. ಎರಡನೆಯದು ಕಾಣಿಸುವ ಸಂಭವ ಮೊದಲ ಒಂದೆರಡು ವರ್ಷಗಳಲ್ಲಿ ಹೆಚ್ಚು, ಆದರೆ ದಶಕಗಳಾದರೂ ಅದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮೆಲನೋಮಾ ಆದವರಿಗೆ ಗಾಯದ ಕಲೆಯನ್ನಷ್ಟೇ ನೋಡಿಕೊಂಡರೆ ಸಾಲದು, ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಚರ್ಮದ ತಪಾಸಣೆ ಬದುಕಿಡೀ ಬೇಕು.

ಅಂಗಾಲು ಎಂದದ್ದು ಸುಮ್ಮನಲ್ಲ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಗೆ ಮೆಲನೋಮಾ ಬಂದರೆ, ನಮ್ಮಲ್ಲಿ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಕಂದು ಚರ್ಮದ ಬಣ್ಣವೇ ನಮಗೆ ಕೊಡೆ ಹಿಡಿದಿದೆ. ಆದರೆ ನಮ್ಮಲ್ಲಿ ಬರುವ ಮೆಲನೋಮಾ ಹೆಚ್ಚಾಗಿ ಬಿಸಿಲೇ ಬೀಳದ ಜಾಗಗಳಲ್ಲಿ ಬರುತ್ತದೆ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಬುಡ. ಬೆಂಗಳೂರಿನ ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಮೆಡಿಕಲ್ ಶಾಪಿಗೆ ಹೋಗಿ ಆಣಿ ಎಂದುಕೊಂಡು ಕಾರ್ನ್ ಕ್ಯಾಪ್ ಅಂಟಿಸಿಕೊಳ್ಳುವವರು, ಉಗುರುಸುತ್ತು ಎಂದು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಳ್ಳುವವರು ಎಷ್ಟು ಜನ! ಬಹಳಷ್ಟು ಸಲ ಅದು ಆಣಿಯೇ, ಉಗುರುಸುತ್ತೇ. ಕಂದು ಚರ್ಮದವರ ಹಲವು ಉಗುರುಗಳಲ್ಲಿ ತೆಳ್ಳನೆಯ ಕಪ್ಪು ಗೆರೆಗಳಿರುವುದೂ ಸಹಜ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಗೆರೆ, ಅದರ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಇಳಿದಿರುವುದು, ತಿಂಗಳಾದರೂ ಮಾಯದ ಅಂಗಾಲಿನ ಕಪ್ಪು ಹುಣ್ಣು, ಇವನ್ನು ಚರ್ಮದ ಡಾಕ್ಟರಿಗೆ ತೋರಿಸಲೇಬೇಕು. ಸಕ್ಕರೆ ಕಾಯಿಲೆಯವರು ಹೇಗೂ ದಿನಾ ಪಾದ ನೋಡಿಕೊಳ್ಳಬೇಕು, ಹಾಗೆ ನೋಡುವಾಗ ಇದನ್ನೂ ಗಮನಿಸಲಿ.

ಕಂದು ಚರ್ಮದ ಆಸರೆಯಿದ್ದೂ ಒಬ್ಬರ ಮೈಮೇಲೆ ಅನೇಕ ಚರ್ಮದ ಕ್ಯಾನ್ಸರ್‌ಗಳು ಏಳುವ ಒಂದು ಕಾಯಿಲೆಯಿದೆ, ಝೀರೋಡರ್ಮಾ ಪಿಗ್ಮೆಂಟೋಸಮ್. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಡಿಎನ್‌ಎ ಎಳೆಯ ಅಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರೋಗ್ಯವಂತ ಕೋಶ ಆ ಭಾಗವನ್ನು, ಸುಮಾರು ಮೂವತ್ತು ಅಕ್ಷರಗಳಷ್ಟು, ಕತ್ತರಿಸಿ ತೆಗೆದು ಹೊಸದಾಗಿ ತುಂಬುತ್ತದೆ. ಈ ದುರಸ್ತಿಯ ಬಗೆಯನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಝೀರೋಡರ್ಮಾ ಇರುವ ಮಕ್ಕಳಲ್ಲಿ ಡಿಎನ್‌ಎ ದುರಸ್ತಿಯೇ ಕೆಟ್ಟಿರುತ್ತದೆ. ಇಪ್ಪತ್ತು ವರ್ಷದೊಳಗೆ ಮೆಲನೋಮಾ ಬರುವ ಅಪಾಯ ಇತರರಿಗಿಂತ ಸುಮಾರು ಎರಡು ಸಾವಿರ ಪಟ್ಟು, ಬೇರೆ ಬಗೆಯ ಚರ್ಮದ ಕ್ಯಾನ್ಸರ್‌ಗಳದ್ದು ಸುಮಾರು ಹತ್ತು ಸಾವಿರ ಪಟ್ಟು.

ತಾಯಿ, ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ರೋಗ. ಒಂದೇ ಮನೆತನದೊಳಗೆ ಹೆಣ್ಣು ಕೊಟ್ಟು ತಂದಾಗ ಆ ಸಂಭವ ಹೆಚ್ಚು, ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಮಲ್ಲೇಶ್ವರದ ಅಂಚಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಬೇರೆ ಆನುವಂಶಿಕ ದೋಷಗಳಿಗಾಗಿ ಪರೀಕ್ಷಿಸಿದಾಗ, ಹೆತ್ತವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳಾಗಿದ್ದರು. ಅಕ್ಕನ ಮಗಳನ್ನು ಮದುವೆಯಾದವರು ಅವರಲ್ಲಿ ಬಹಳ. ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಯಾರನ್ನೂ ದೂರುವ ವಿಷಯ ಇದಲ್ಲ. ಆದರೆ ಅಂಥ ಮನೆಯ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಮುಖದ ತುಂಬ ಕಂದು ಚುಕ್ಕೆಗಳು ಬಂದು, ಬೆಳಕಿಗೆ ಕಣ್ಣು ಕೆಂಪಾದರೆ, ‘ಬಿಸಿಲಿಗೆ ಅಲರ್ಜಿ’ ಎಂದು ಸುಮ್ಮನಾಗದೆ ಕಾರಣ ಹುಡುಕಬೇಕು. ರೋಗ ಖಚಿತವಾದರೆ ಉದ್ದ ತೋಳಿನ ಬಟ್ಟೆ, ಟೋಪಿ, ಕನ್ನಡಕ, ಸನ್‌ಸ್ಕ್ರೀನ್, ಕಿಟಕಿ ಗಾಜಿಗೆ ಕಿರಣ ತಡೆಯುವ ಫಿಲ್ಮ್, ಬಿಸಿಲಿಲ್ಲದ್ದರಿಂದ ಕೊರತೆಯಾಗುವ ವಿಟಮಿನ್ ಡಿ, ಕೆಲವೇ ತಿಂಗಳಿಗೊಮ್ಮೆ ಮೈಯೆಲ್ಲ ತಪಾಸಣೆ. ಒಡಹುಟ್ಟಿದವರನ್ನೂ ಆಗಲೇ ಪರೀಕ್ಷಿಸಬೇಕು. ಅದೇ ತಂದೆತಾಯಿಯ ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಸಂಭವವಿದೆ.