ಗೇರ್ ಬದಲಿಸಲು ಹೇಳುವ ದೀಪ

ದಾವಣಗೆರೆಯ ವಿದ್ಯಾನಗರದಿಂದ ಕಾರಿನಲ್ಲಿ ಹರಿಹರದ ಕಡೆಗೆ ಹೊರಟಿದ್ದೀರಿ ಎನ್ನಿ. ಮೂರನೇ ಗೇರಿನಲ್ಲಿ ಕಾರು ಸ್ವಲ್ಪ ವೇಗ ಪಡೆಯುತ್ತಿದ್ದಂತೆ, ವೇಗಮಾಪಕದ ಬಳಿ ಮೇಲ್ಮುಖವಾದ ಪುಟ್ಟ ಬಾಣವೊಂದು ಹೊತ್ತಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಬಾಣದ ಜೊತೆಗೆ 4 ಎಂಬ ಅಂಕಿಯೂ ಕಾಣುತ್ತದೆ. ಹೊಸದಾಗಿ ಕಾರು ಕಲಿತವರಲ್ಲಿ ಕೆಲವರು ಎಂಜಿನ್ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ಹಿಂದುಮುಂದು ನೋಡದೆ ಕೂಡಲೇ ಗೇರ್ ಬದಲಿಸುತ್ತಾರೆ. ಎರಡೂ ಸರಿಯಲ್ಲ. ಈ ದೀಪ ದೋಷದ ಸೂಚನೆಯಲ್ಲ, ಆಜ್ಞೆಯೂ ಅಲ್ಲ. ಅದೊಂದು ಸಲಹೆ ಮಾತ್ರ. ಸಲಹೆ ಕೊಡುವ ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ತಿಳಿದರೆ, ಅದರ ಮಾತನ್ನು ಯಾವಾಗ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಮೊದಲಿಗೆ, ಗೇರ್ ಏಕೆ ಬೇಕು? ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಲೇತ್ ಮೇಲೆ ದುಡಿದವರಿಗೆ ಗೇರಿನ ಗುಟ್ಟು ಹೊಸದಲ್ಲ. ಮೋಟಾರು ತಿರುಗುವುದು ಒಂದೇ ವೇಗದಲ್ಲಿ. ಆದರೆ ದಪ್ಪನೆಯ ಜಾಬ್ ನಿಧಾನವಾಗಿ ತಿರುಗಬೇಕು, ಸಣ್ಣ ಸರಳು ಬೇಗ ತಿರುಗಬೇಕು. ಅದಕ್ಕಾಗಿ ಕೆಲಸಗಾರ ಗೇರಿನ ಹಿಡಿ ಬದಲಿಸುತ್ತಾನೆ. ಕಾರಿನಲ್ಲೂ ಹೀಗೆಯೇ. ನಿಂತ ಕಾರನ್ನು ಚಲಿಸುವಂತೆ ಮಾಡಲು ಬಲ ಹೆಚ್ಚು ಬೇಕು. ಆಗ ಎಂಜಿನ್ ಹಲವು ಸುತ್ತು ತಿರುಗಿ ಚಕ್ರವನ್ನು ಒಂದು ಸುತ್ತು ತಿರುಗಿಸುತ್ತದೆ. ಓಟ ಕುದುರಿದ ಮೇಲೆ ಅಷ್ಟು ಬಲ ಬೇಕಿಲ್ಲ. ಕಡಿಮೆ ಸುತ್ತುಗಳೇ ಸಾಕು.

ಸುತ್ತು ಕಡಿಮೆಯಾದರೆ ಇಂಧನವೇಕೆ ಉಳಿಯುತ್ತದೆ? ಎಂಜಿನ್ನಿನ ಪ್ರತಿ ಸುತ್ತಿನಲ್ಲೂ ಪಿಸ್ಟನ್, ಬೇರಿಂಗ್‌ಗಳ ಘರ್ಷಣೆಗೆ ಒಂದಿಷ್ಟು ಶಕ್ತಿ ವ್ಯರ್ಥವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೊಂದು ನಷ್ಟವೂ ಇದೆ. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಗಾಳಿ ಒಳಬರುವ ದಾರಿ ಕಿರಿದಾಗಿರುತ್ತದೆ. ಮೂಗನ್ನು ಅರ್ಧ ಮುಚ್ಚಿಕೊಂಡು ಉಸಿರೆಳೆದರೆ ಹೇಗೋ, ಎಂಜಿನ್ನಿಗೂ ಹಾಗೆಯೇ ತ್ರಾಸವಾಗುತ್ತದೆ. ಮೇಲಿನ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಗಾಳಿಯ ದಾರಿಯೂ ಹೆಚ್ಚು ತೆರೆದಿರುತ್ತದೆ. ಎರಡೂ ನಷ್ಟಗಳು ತಗ್ಗುತ್ತವೆ.

ಈಗ ದೀಪದ ವಿಷಯಕ್ಕೆ ಬರೋಣ. ನೀವು ಯಾವ ಗೇರಿನಲ್ಲಿದ್ದೀರಿ ಎಂಬುದು ಅದಕ್ಕೆ ಹೇಗೆ ತಿಳಿಯುತ್ತದೆ? ಅನೇಕ ಕಾರುಗಳಲ್ಲಿ ಇದು ಬರೀ ಭಾಗಾಕಾರದ ಲೆಕ್ಕ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಒಂದು ಸೆನ್ಸರ್ ಎಣಿಸುತ್ತದೆ. ಕಾರಿನ ವೇಗವನ್ನು ಇನ್ನೊಂದು ತಿಳಿಸುತ್ತದೆ. ಒಂದು ಉದಾಹರಣೆ ನೋಡಿ. ಚಕ್ರದ ಸುತ್ತಳತೆ 1.8 ಮೀಟರ್ ಇರುವ ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿದ್ದರೆ, ನಿಮಿಷಕ್ಕೆ 900 ಮೀಟರ್ ಓಡುತ್ತದೆ. ಅಂದರೆ ಚಕ್ರ 500 ಸುತ್ತು ತಿರುಗುತ್ತದೆ. ಆಗ ಎಂಜಿನ್ 2,500 ಸುತ್ತು ತಿರುಗುತ್ತಿದ್ದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ನಿನದು 5 ಸುತ್ತು. ಈ ಕಾರಿನಲ್ಲಿ ಅದು ಮೂರನೇ ಗೇರ್ ಎಂದಿಟ್ಟುಕೊಳ್ಳಿ. ನಾಲ್ಕನೆಯದರಲ್ಲಿ 4 ಸುತ್ತು ಸಾಕು ಎಂದಾದರೆ, ಅದೇ ವೇಗಕ್ಕೆ 2,000 ಸುತ್ತು ಸಾಲುತ್ತದೆ. ನಿಮಿಷಕ್ಕೆ 500 ಸುತ್ತು ಉಳಿತಾಯ!

ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಈ ಲೆಕ್ಕವನ್ನು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ. ನೀವು ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದೀರಿ ಎಂಬುದನ್ನೂ ಗಮನಿಸುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ಸಲೀಸಾಗಿ ಎಳೆಯಬಲ್ಲದು ಎನಿಸಿದರೆ ಬಾಣ ಹೊತ್ತಿಸುತ್ತದೆ. ಕ್ಲಚ್ ತುಳಿದಾಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ, ಭಾಗಾಕಾರ ಯಾವ ಗೇರಿಗೂ ಹೊಂದುವುದಿಲ್ಲ, ದೀಪ ಆರುತ್ತದೆ.

ಈ ಉಪಾಯ ತೀರ ಹೊಸದೇನಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1980ರ ದಶಕದ ಆರಂಭದಲ್ಲೇ ತನ್ನ ‘ಫಾರ್ಮೆಲ್ ಇ’ ಕಾರುಗಳಲ್ಲಿ ಇಂಥ ದೀಪವಿಟ್ಟಿತ್ತು. ಯುರೋಪಿನ ಒಕ್ಕೂಟ ಕೈಗೇರಿನ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು; ಹೊಸ ಮಾದರಿಗಳಿಗೆ 2012ರ ನವೆಂಬರ್‌ನಿಂದ, ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ 2014ರ ನವೆಂಬರ್‌ನಿಂದ.

ಆದರೆ ನೆನಪಿಡಿ, ಈ ಲೆಕ್ಕಗಾರನಿಗೆ ಕಣ್ಣಿಲ್ಲ. ಹರಿಹರ ದಾಟಿ ಹೊನ್ನಾಳಿ ರಸ್ತೆಯಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ನೀವು ಬಲಕ್ಕೆ ಸರಿದಿದ್ದೀರಿ. ಎದುರಿಗೆ ದೂರದಲ್ಲಿ ಲಾರಿ ಕಾಣುತ್ತಿದೆ. ಆಗಲೇ ಬಾಣ ಹೊತ್ತುತ್ತದೆ. ಅದರ ಮಾತು ಕೇಳಿ ಗೇರ್ ಏರಿಸಿದರೆ, ಬಲ ಹೆಚ್ಚು ಬೇಕಾದ ಗಳಿಗೆಯಲ್ಲೇ ಎಳೆತ ಕಡಿಮೆಯಾಗುತ್ತದೆ. ಟ್ರ್ಯಾಕ್ಟರಿನ ಪಕ್ಕದಲ್ಲಿ ಕಳೆಯುವ ಒಂದೊಂದು ಸೆಕೆಂಡೂ ಅಪಾಯದ್ದು. ದಾಟಿ ಎಡಕ್ಕೆ ಬಂದ ಮೇಲೆ ಗೇರ್ ಬದಲಿಸಿದರೆ ನಿಮಗಾಗುವ ನಷ್ಟ ಕೆಲವು ಹನಿ ಪೆಟ್ರೋಲ್ ಮಾತ್ರ.

ಹಾಗೆಯೇ ಮುಂದೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ, 14 ಹೇರ್‌ಪಿನ್ ತಿರುವುಗಳ ಆ ದಾರಿಯಲ್ಲಿ, ದೀಪ ಹೊತ್ತಿದರೂ ಕೆಳಗಿನ ಗೇರಿನಲ್ಲೇ ಇರಿ. ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕ್ ಕಾಯುವುದಿಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡ. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರಬೇಕು.

ಕೆಳಮುಖದ ಬಾಣ ಕಂಡರೆ ಮಾತ್ರ ಹೆಚ್ಚು ತಡಮಾಡಬೇಡಿ. ಎಂಜಿನ್ ಶಕ್ತಿ ಮೀರಿ ಎಳೆಯುತ್ತಿದೆ ಎಂದು ಅದರರ್ಥ. ಅನುಭವಿ ಚಾಲಕರು ಇದನ್ನು ಎಂಜಿನ್ನಿನ ನಡುಕದಿಂದ, ಗುಡುಗುಟ್ಟುವ ಸದ್ದಿನಿಂದಲೇ ಗುರುತಿಸುತ್ತಾರೆ. ಹೀಗೆಯೇ ಓಡಿಸುತ್ತಿದ್ದರೆ ಎಂಜಿನ್ನಿನ ಆಯುಷ್ಯ ಕಡಿಮೆಯಾಗುತ್ತದೆ.

ಒಟ್ಟಿನಲ್ಲಿ, ಊರಿನ ಸಮತಟ್ಟಾದ ರಸ್ತೆಗಳಲ್ಲಿ, ಅವಸರವಿಲ್ಲದ ಹೆದ್ದಾರಿ ಪ್ರಯಾಣದಲ್ಲಿ ದೀಪದ ಮಾತು ಕೇಳಿ. ತಿಂಗಳ ಪೆಟ್ರೋಲ್ ಖರ್ಚಿನಲ್ಲಿ ಒಂದಿಷ್ಟು ಉಳಿಯುತ್ತದೆ. ಏರು, ಇಳಿಜಾರು, ತಿರುವು, ಎದುರು ವಾಹನ ಇದ್ದಾಗ ನಿಮ್ಮ ಕಣ್ಣಿನ ಮಾತು ಕೇಳಿ. ಎಂಜಿನ್ನಿನ ಲೆಕ್ಕ ದೀಪಕ್ಕೆ ಗೊತ್ತು, ರಸ್ತೆಯ ಲೆಕ್ಕ ನಿಮಗೆ ಮಾತ್ರ ಗೊತ್ತು.